ಟ್ಯಾಪೆಟ್ ಕವರ್ ಬೋಲ್ಟಿಗೆ ಎಷ್ಟು ಬಿಗಿ ಸಾಕು?

ಸಿಗ್ನಲ್ಲಿನಲ್ಲಿ ನಿಂತಾಗ ಬಾನೆಟ್ ಕಡೆಯಿಂದ ಸುಟ್ಟ ಆಯಿಲಿನ ವಾಸನೆ ಬರುತ್ತದೆ. ಬಾನೆಟ್ ಎತ್ತಿ ನೋಡಿದರೆ ಎಂಜಿನ್ನಿನ ಒಂದು ಪಕ್ಕಕ್ಕೆ ಮೇಲಿನಿಂದ ಕೆಳಗಿನವರೆಗೆ ಕಪ್ಪು ಜಿಡ್ಡು ಇಳಿದು, ಅದರ ಮೇಲೆ ಧೂಳು ಮೆತ್ತಿಕೊಂಡಿರುತ್ತದೆ. ಇಂಥ ಲಕ್ಷಣ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಎಂಜಿನ್ನಿನ ನೆತ್ತಿಯ ಮೇಲಿರುವ ಮುಚ್ಚಳವನ್ನು. ಕೈಪಿಡಿಗಳಲ್ಲಿ ಅದಕ್ಕೆ ವಾಲ್ವ್ ಕವರ್ ಅಥವಾ ಹೆಡ್ ಕವರ್ ಎಂಬ ಹೆಸರಿರುತ್ತದೆ, ನಮ್ಮ ಗ್ಯಾರೇಜುಗಳಲ್ಲಿ ಟ್ಯಾಪೆಟ್ ಕವರ್ ಎನ್ನುತ್ತಾರೆ. ಗಾಡಿಯವರು ಗ್ಯಾರೇಜಿಗೆ ಹೋಗಿ ಹೇಳುವ ಮಾತು ಮಾತ್ರ ಎಲ್ಲ ಊರಲ್ಲೂ ಒಂದೇ: "ಅಣ್ಣ, ಮೇಲಿಂದ ಆಯಿಲ್ ಇಳೀತಿದೆ, ಆ ಬೋಲ್ಟು ಇನ್ನೊಂಚೂರು ಟೈಟ್ ಮಾಡಿಬಿಡಿ."

ಆ ಇನ್ನೊಂಚೂರೇ ಎಷ್ಟೋ ಎಂಜಿನ್ನುಗಳಲ್ಲಿ ಲೀಕಿನ ಮೂಲ. ಟ್ಯಾಪೆಟ್ ಕವರಿನ ವಿಷಯದಲ್ಲಿ ಸಡಿಲ ಬೋಲ್ಟಿನಿಂದ ಆಗುವ ಹಾನಿಗಿಂತ ಅತಿಯಾಗಿ ಬಿಗಿದ ಬೋಲ್ಟಿನಿಂದ ಆಗುವ ಹಾನಿ ದೊಡ್ಡದು. ಸಡಿಲವಾದದ್ದನ್ನು ಎರಡು ನಿಮಿಷದಲ್ಲಿ ಸರಿಮಾಡಬಹುದು. ಬಿಗಿದು ಬಾಗಿಸಿದ ಮುಚ್ಚಳ, ಹರಿದ ಪ್ಯಾಕಿಂಗ್ (ಮುಚ್ಚಳದ ಅಂಚಿನ ಗ್ಯಾಸ್ಕೆಟ್), ಥ್ರೆಡ್ ಹೋದ ಹೆಡ್ ಹಾಗಲ್ಲ, ದುಡ್ಡು ಬಿಚ್ಚಬೇಕಾಗುತ್ತದೆ.

ಮುಚ್ಚಳದ ಕೆಳಗೆ ಏನಿದೆ ಎಂಬುದನ್ನು ತಿಳಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಂದಿನ ಹೆಚ್ಚಿನ ಕಾರುಗಳಲ್ಲಿ ಸಿಲಿಂಡರ್ ಹೆಡ್ಡಿನ ಮೇಲೆ ಕ್ಯಾಮ್ ಶಾಫ್ಟ್ ತಿರುಗುತ್ತಿರುತ್ತದೆ. ಅದರ ಉಬ್ಬುಗಳು ಒಂದೊಂದಾಗಿ ವಾಲ್ವುಗಳನ್ನು ಒತ್ತಿ ತೆರೆಯುತ್ತವೆ. ಲೋಹ ಲೋಹಕ್ಕೆ ಉಜ್ಜುವ ಜಾಗವಾದ್ದರಿಂದ ಅಲ್ಲಿ ಆಯಿಲ್ ಸದಾ ಹರಿಯುತ್ತಿರಬೇಕು. ಪಂಪು ಆಯಿಲನ್ನು ಕೆಳಗಿನ ಸಂಪಿನಿಂದ ಒತ್ತಡದಲ್ಲಿ ಮೇಲಕ್ಕೆ ಕಳಿಸುತ್ತದೆ, ನಿಜ. ಆದರೆ ಕ್ಯಾಮಿನ ಬೇರಿಂಗುಗಳಿಂದ ಹೊರಬಿದ್ದ ಕ್ಷಣದಲ್ಲೇ ಆ ಒತ್ತಡ ಮುಗಿಯುತ್ತದೆ. ಆಮೇಲೆ ಆಯಿಲ್ ಬರೀ ಎರಚಾಡುತ್ತದೆ, ಮುಚ್ಚಳದ ಒಳಗೋಡೆಗೆ ಬಡಿದು ಹನಿಯಾಗುತ್ತದೆ, ಹೆಡ್ಡಿನಲ್ಲಿ ಕೊರೆದ ದಾರಿಗಳಿಂದ ಮತ್ತೆ ಸಂಪಿಗೆ ಇಳಿಯುತ್ತದೆ. ಟ್ಯಾಪೆಟ್ ಕವರಿನ ಕೆಲಸ ಈ ಎರಚಲನ್ನು ಒಳಗೇ ಇರಿಸುವುದು ಮತ್ತು ಹೊರಗಿನ ಧೂಳು ಒಳಬರದಂತೆ ತಡೆಯುವುದು. ಅಷ್ಟೇ.

ಇದನ್ನು ಹೆಡ್ ಗ್ಯಾಸ್ಕೆಟ್ಟಿನ ಜೊತೆ ಹೋಲಿಸಿ ನೋಡಿ. ಸಿಲಿಂಡರ್ ಬ್ಲಾಕು ಮತ್ತು ಹೆಡ್ಡಿನ ನಡುವೆ ಕೂರುವ ಆ ಗ್ಯಾಸ್ಕೆಟ್ ಇಂಧನ ಉರಿಯುವಾಗಿನ ಒತ್ತಡವನ್ನು ತಡೆಯಬೇಕು. ಪೆಟ್ರೋಲ್ ಎಂಜಿನ್ನಿನಲ್ಲೇ ಅದು ವಾತಾವರಣದ ಒತ್ತಡದ 50 ಪಟ್ಟನ್ನು ದಾಟುತ್ತದೆ, ಡೀಸೆಲ್ಲಿನಲ್ಲಿ ಅದಕ್ಕೂ ಬಹಳ ಹೆಚ್ಚು. ಹಾಗಾಗಿಯೇ ಹೆಡ್ ಬೋಲ್ಟುಗಳು ದಪ್ಪ, ಅವಕ್ಕೆ ಉದ್ದನೆಯ ಹಿಡಿ ಹಾಕಿ ಮೈಭಾರ ಬಿಟ್ಟು ತಿರುಗಿಸಬೇಕು. ಟ್ಯಾಪೆಟ್ ಕವರಿಗೆ ಅಂಥ ಶತ್ರು ಯಾರೂ ಇಲ್ಲ. ಅದಕ್ಕೆ ಬೇಕಾದದ್ದು ಸುತ್ತಲೂ ಒಂದೇ ಸಮನಾದ, ಹಗುರವಾದ ಒತ್ತು.

ಹೆಚ್ಚಿನ ಕಾರುಗಳಲ್ಲಿ ಈ ಮುಚ್ಚಳಕ್ಕೆ ಇರುವುದು 6 ಮಿ.ಮೀ. ದಪ್ಪದ ಎಂ6 ಬೋಲ್ಟುಗಳು, 10 ನಂಬರ್ ಸ್ಪ್ಯಾನರ್ ಹಿಡಿಯುವಂಥವು. ಕಂಪನಿಗಳು ಅವಕ್ಕೆ ಹೇಳುವ ಟಾರ್ಕ್ ಸಾಮಾನ್ಯವಾಗಿ 8ರಿಂದ 12 ನ್ಯೂಟನ್ ಮೀಟರ್. ಕೆಲವು ಎಂಜಿನ್ನುಗಳಲ್ಲಿ 5ಕ್ಕೇ ನಿಲ್ಲಿಸಬೇಕು. ಚಕ್ರದ ನಟ್ಟಿಗೆ ಸುಮಾರು 100 ಬೇಕಾಗುತ್ತದೆ ಎಂದರೆ ಇದು ಎಷ್ಟು ಕಡಿಮೆ ಎಂದು ಅಂದಾಜಾಗಬಹುದು. ನಿಮ್ಮ ಎಂಜಿನ್ನಿನ ನಿಖರ ಅಂಕಿ ಅದರ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ. ಅದನ್ನೇ ನಂಬಬೇಕು, ಪಕ್ಕದ ಕಾರಿನ ಅಂಕಿಯನ್ನಲ್ಲ.

10 ನ್ಯೂಟನ್ ಮೀಟರ್ ಅಂದರೆ ಅತ್ಯಲ್ಪ ಎಂದು ಕೈಗೆ ಅನಿಸುತ್ತದೆ. ಒಣಗಿದ ಥ್ರೆಡ್ಡಿನ ಎಂ6 ಬೋಲ್ಟನ್ನು ಅಷ್ಟು ಬಿಗಿದರೆ ಅದು ಮುಚ್ಚಳವನ್ನು ಕೆಳಕ್ಕೆ ಒತ್ತುವ ಬಲ ಹೆಚ್ಚುಕಡಿಮೆ 800 ಕಿಲೋ! ಎಂಟು ಬೋಲ್ಟು ಸೇರಿದರೆ ಆರು ಟನ್ನಿಗೂ ಮಿಗಿಲು. ಒಂದು ರಬ್ಬರ್ ದಾರವನ್ನು ಅದುಮಿ ಹಿಡಿಯಲು ಇದು ಸಾಕೋ ಸಾಕು.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಸ್ಪ್ಯಾನರಿಗೆ ನಾವು ಹಾಕುವ ಶ್ರಮದಲ್ಲಿ ಬೋಲ್ಟನ್ನು ನಿಜವಾಗಿ ಎಳೆದು ಬಿಗಿಯುವುದಕ್ಕೆ ಬಳಕೆಯಾಗುವುದು ಹತ್ತನೇ ಒಂದು ಪಾಲು ಮಾತ್ರ. ಉಳಿದದ್ದನ್ನೆಲ್ಲ ಬೋಲ್ಟಿನ ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ನಡುವಿನ ಘರ್ಷಣೆ ನುಂಗುತ್ತದೆ. ಹಾಗಾಗಿ ಘರ್ಷಣೆ ಸ್ವಲ್ಪ ಬದಲಾದರೂ ಬಿಗಿ ಬಹಳ ಬದಲಾಗುತ್ತದೆ. ಥ್ರೆಡ್ಡಿಗೆ ಆಯಿಲ್ ಹತ್ತಿದ್ದರೆ ಅದೇ 10 ನ್ಯೂಟನ್ ಮೀಟರಿಗೆ 800ರ ಬದಲು 1,000 ಕಿಲೋ ದಾಟಬಹುದು. ತುಕ್ಕೋ ಹಳೇ ಸಿಲಿಕಾನ್ ಪೇಸ್ಟೋ ಮೆತ್ತಿದ್ದರೆ ಟಾರ್ಕ್ ರೆಂಚ್ 10 ತೋರಿಸಿದರೂ ಮುಚ್ಚಳ ಸಡಿಲವಾಗಿಯೇ ಇರಬಹುದು. ಮ್ಯಾನ್ಯುಯಲ್ಲಿನಲ್ಲಿ ಬೇರೆ ಏನೂ ಹೇಳದಿದ್ದರೆ ಬೋಲ್ಟೂ ತೂತೂ ಶುಚಿಯಾಗಿ, ಒಣಗಿರಬೇಕು. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ನಿಂತಿದ್ದರಂತೂ ಬೋಲ್ಟು ಇಳಿದಂತೆ ಆ ಆಯಿಲಿಗೆ ಹೋಗಲು ಜಾಗವಿಲ್ಲದೆ ಹೆಡ್ಡೇ ಸೀಳುವ ಅಪಾಯವಿದೆ. ಬಟ್ಟೆಯ ಚೂರನ್ನು ಕಡ್ಡಿಗೆ ಸುತ್ತಿ ಪ್ರತಿ ತೂತನ್ನೂ ಒರೆಸುವುದು ಐದು ನಿಮಿಷದ ಕೆಲಸ, ಅದನ್ನು ಬಿಡಬಾರದು.

ಕಾರ್ಕಿನ ಕಾಲ, ರಬ್ಬರಿನ ಕಾಲ

ಅಂಬಾಸಿಡರ್ ಓಡಿಸಿದವರಿಗೆ ಅದರ ಟ್ಯಾಪೆಟ್ ಕವರ್ ನೆನಪಿರಬಹುದು. 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಮೇಲೆ ತಗಡಿನ ಉದ್ದನೆಯ ಮುಚ್ಚಳ, ಅದರ ನೆತ್ತಿಯಲ್ಲಿ ಎರಡೇ ಎರಡು ನಟ್ಟು. ನಟ್ಟಿನ ಕೆಳಗೆ ಬಟ್ಟಲಿನಂಥ ವಾಷರ್, ಅದರ ಕೆಳಗೆ ರಬ್ಬರ್ ಬುಷ್. ಮುಚ್ಚಳದ ಅಂಚಿಗೆ ಕಾರ್ಕ್ ಪ್ಯಾಕಿಂಗ್. ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್. ಅದೇ ಕುಟುಂಬದ ಎಂಜಿನ್ ಇದ್ದ ಎಂಜಿಬಿ ಕಾರಿನ ಕೈಪಿಡಿ ಈ ನಟ್ಟುಗಳಿಗೆ ಹೇಳುವುದು 4 ಅಡಿ-ಪೌಂಡ್, ಅಂದರೆ ಐದೂವರೆ ನ್ಯೂಟನ್ ಮೀಟರಿಗೂ ತುಸು ಕಡಿಮೆ. ಎರಡು ಬೆರಳಿನಲ್ಲಿ ಸ್ಪ್ಯಾನರ್ ಹಿಡಿದು ತಿರುಗಿಸಿದರೆ ಮುಗಿಯಬೇಕಾದ ಕೆಲಸ. ಅದನ್ನು ತೋಳಿನ ಬಲದಿಂದ ಮಾಡಿದಾಗ ಏನಾಗುತ್ತಿತ್ತು? ನಟ್ಟು ಇದ್ದ ನಡುಭಾಗ ಕುಗ್ಗಿ, ಮುಚ್ಚಳದ ತುದಿಗಳು ಕೂದಲೆಳೆಯಷ್ಟು ಮೇಲೇಳುತ್ತಿದ್ದವು. ಕಾರ್ಕು ಒಂದು ಕಡೆ ಅಪ್ಪಚ್ಚಿಯಾಗಿ ಹೊರಗೆ ಇಣುಕುತ್ತಿತ್ತು, ಇನ್ನೊಂದು ಕಡೆ ಹಿಡಿತವೇ ಇಲ್ಲದೆ ಆಯಿಲ್ ಜಿನುಗುತ್ತಿತ್ತು. ಜಿನುಗಿತೆಂದು ಮತ್ತೆ ಬಿಗಿಯುತ್ತಿದ್ದರು, ತುದಿ ಇನ್ನಷ್ಟು ಏಳುತ್ತಿತ್ತು.

ಅಂಚಿನುದ್ದಕ್ಕೂ ಬೋಲ್ಟುಗಳಿರುವ ತಗಡಿನ ಮುಚ್ಚಳದ್ದು ಬೇರೆ ಬಗೆಯ ತೊಂದರೆ. ಅತಿಯಾಗಿ ಬಿಗಿದರೆ ಪ್ರತಿ ತೂತಿನ ಸುತ್ತ ತಗಡು ಕೆಳಕ್ಕೆ ಗುಳಿ ಬೀಳುತ್ತದೆ. ಎರಡು ಬೋಲ್ಟುಗಳ ನಡುವಿನ ಭಾಗ ಕಮಾನಿನ ಹಾಗೆ ಮೇಲಕ್ಕೆ ಉಬ್ಬುತ್ತದೆ. ಆಯಿಲ್ ಬರುವುದು ಬೋಲ್ಟಿನ ಬುಡದಿಂದಲ್ಲ, ಈ ನಡುವಿನ ಉಬ್ಬಿನಿಂದ. ಇಂಥ ಮುಚ್ಚಳಕ್ಕೆ ಹೊಸ ಪ್ಯಾಕಿಂಗ್ ಹಾಕಿದರೂ ಫಲವಿಲ್ಲ. ಮೊದಲು ಮುಚ್ಚಳವನ್ನು ಕಳಚಿ, ಅಂಚನ್ನು ಗಟ್ಟಿ ಮರದ ತುಂಡಿನ ಮೇಲೆ ಕೂರಿಸಿ, ಗುಳಿಬಿದ್ದ ಜಾಗವನ್ನು ಸಣ್ಣ ಸುತ್ತಿಗೆಯಿಂದ ಒಳಗಡೆಯಿಂದ ಹಗುರಾಗಿ ತಟ್ಟಿ ಮಟ್ಟಮಾಡಬೇಕು. ಗಾಜಿನ ಹಲಗೆಯ ಮೇಲೆ ಬೋರಲಾಗಿ ಇಟ್ಟು, ಎಲ್ಲಿ ಬೆಳಕು ತೂರಿಬರುತ್ತದೆ ಎಂದು ನೋಡಿದರೆ ಮಟ್ಟವಾಯಿತೋ ಇಲ್ಲವೋ ಗೊತ್ತಾಗುತ್ತದೆ.

ಇಂದಿನ ಎಂಜಿನ್ನುಗಳಲ್ಲಿ ಮುಚ್ಚಳ ಅಲ್ಯೂಮಿನಿಯಂ ಎರಕದ್ದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಆಗಿರುತ್ತದೆ. ಅದರ ಅಂಚಿನಲ್ಲಿ ಒಂದು ಕಾಲುವೆ, ಆ ಕಾಲುವೆಯಲ್ಲಿ ಅಚ್ಚಿನಲ್ಲಿ ತಯಾರಾದ ರಬ್ಬರ್ ಪ್ಯಾಕಿಂಗ್. ರಬ್ಬರು ಕಾಲುವೆಯಿಂದ ಒಂದೆರಡು ಮಿಲಿಮೀಟರ್ ಮಾತ್ರ ಹೊರಗೆ ಚಾಚಿಕೊಂಡಿರುತ್ತದೆ. ಬೋಲ್ಟೂ ಸಾದಾ ಬೋಲ್ಟಲ್ಲ. ಥ್ರೆಡ್ ಮುಗಿದ ಮೇಲೆ ಅದಕ್ಕೆ ದಪ್ಪನೆಯ ಭುಜವೊಂದಿರುತ್ತದೆ, ಇಲ್ಲವೇ ಮುಚ್ಚಳದ ತೂತಿನಲ್ಲಿ ಲೋಹದ ಸಣ್ಣ ಕೊಳವೆ ಕೂತಿರುತ್ತದೆ. ಬೋಲ್ಟು ಇಳಿಯುತ್ತಾ ಹೋದಂತೆ ರಬ್ಬರು ಅದುಮುತ್ತದೆ. ವಿನ್ಯಾಸ ಮಾಡಿದವರು ಎಷ್ಟು ಅದುಮಬೇಕೆಂದು ಲೆಕ್ಕ ಹಾಕಿದ್ದಾರೋ ಅಷ್ಟಾದ ಕೂಡಲೇ ಭುಜ ಹೆಡ್ಡಿಗೆ ತಾಗುತ್ತದೆ. ಅಲ್ಲಿಗೆ ಮುಗಿಯಿತು. ಅದರ ಮೇಲೆ ಎಷ್ಟೇ ತಿರುಗಿಸಿದರೂ ರಬ್ಬರಿಗೆ ಒಂದಿಷ್ಟೂ ಹೆಚ್ಚಿನ ಒತ್ತು ಸಿಗದು. ಬೋಲ್ಟು ಹಿಗ್ಗುತ್ತದೆ, ಅಲ್ಯೂಮಿನಿಯಮ್ಮಿನ ಥ್ರೆಡ್ ಕಿತ್ತು ಬರುತ್ತದೆ, ಅಷ್ಟೇ.

ಈ ಘಳಿಗೆಯನ್ನು ಕೈಯಿಂದ ಗುರುತಿಸಬಹುದು. ಸಣ್ಣ ರ್‍ಯಾಚೆಟ್ಟಿನಲ್ಲಿ ನಿಧಾನಕ್ಕೆ ತಿರುಗಿಸುತ್ತಿದ್ದರೆ ಮೊದಲು ಮೆತ್ತನೆಯ, ಕ್ರಮೇಣ ಏರುವ ಪ್ರತಿರೋಧ ಸಿಗುತ್ತದೆ. ಅದು ರಬ್ಬರಿನದು. ಆಮೇಲೆ ಒಂದೇ ಸಲಕ್ಕೆ, ಕೆಲವೇ ಡಿಗ್ರಿಗಳಲ್ಲಿ, ಸ್ಪ್ಯಾನರ್ ಕಲ್ಲಿಗೆ ತಾಗಿದಂತೆ ಗಟ್ಟಿಯಾಗುತ್ತದೆ. ಅದು ಲೋಹಕ್ಕೆ ಲೋಹ ಕೂತದ್ದು. ಆಮೇಲೆ ಬೇಕಾಗುವುದು ಬೋಲ್ಟು ಅಲುಗಾಟಕ್ಕೆ ಕಳಚದಂತೆ ಹಿಡಿದುಕೊಳ್ಳುವಷ್ಟು ಬಿಗಿ ಮಾತ್ರ. ಒಳ್ಳೆಯ ಮೆಕ್ಯಾನಿಕ್ಕುಗಳ ಬೆರಳಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ, ಅವರ ಕೈ ಅಲ್ಲೇ ತಾನಾಗಿ ನಿಲ್ಲುತ್ತದೆ. ಗನ್ ಹಿಡಿದು ಬಿಗಿಯುವವರಿಗೆ ಅದು ಎಂದೂ ತಿಳಿಯದು. ಟ್ಯಾಪೆಟ್ ಕವರಿನ ಹತ್ತಿರ ಏರ್ ಗನ್ನಾಗಲಿ ಬ್ಯಾಟರಿ ಗನ್ನಾಗಲಿ ಬರಲೇಬಾರದು. ಬಿಚ್ಚುವುದಕ್ಕೂ ಬೇಡ.

ಭುಜದ ಬೋಲ್ಟು ಇರುವ ಎಂಜಿನ್ ಜಿನುಗಿದರೆ ಹೆಚ್ಚಾಗಿ ರಬ್ಬರಿನ ಆಯುಸ್ಸು ಮುಗಿದಿರುತ್ತದೆ. ವರ್ಷಗಟ್ಟಲೆ ನೂರು ಡಿಗ್ರಿಯ ಆಸುಪಾಸಿನ ಆಯಿಲಿನ ಬಿಸಿ ತಿಂದು ಅದು ಗಟ್ಟಿಯಾಗಿರುತ್ತದೆ. ಹಳೇ ಪ್ಯಾಕಿಂಗನ್ನು ಕಳಚಿ ಉಗುರಿನಿಂದ ಒತ್ತಿ ನೋಡಿ. ಹೊಸದು ತಗ್ಗಿ ಮತ್ತೆ ಮೇಲೇಳುತ್ತದೆ. ಹಳೆಯದು ಉಗುರಿಗೆ ಜಗ್ಗುವುದಿಲ್ಲ, ಬಾಗಿಸಿದರೆ ಲಟಕ್ಕೆಂದು ಮುರಿಯುತ್ತದೆ, ಗುಂಡಗಿದ್ದ ಅಂಚು ಚಪ್ಪಟೆಯಾಗಿರುತ್ತದೆ. ಅದನ್ನು ಬೋಲ್ಟು ಬಿಗಿದು ಎಬ್ಬಿಸಲಾಗದು. ಬೋಲ್ಟಿನ ತಲೆಯ ಕೆಳಗಿನ ರಬ್ಬರ್ ವಾಷರುಗಳೂ ಅಷ್ಟೇ ಹಳೆಯವು, ಅವನ್ನೂ ಜೊತೆಗೇ ಬದಲಿಸಬೇಕು. ಪ್ಯಾಕಿಂಗ್ ಹೊಸದು ಹಾಕಿ ವಾಷರ್ ಹಳೆಯದೇ ಬಿಟ್ಟ ಕಾರು ಕೆಲವೇ ದಿನದಲ್ಲಿ ಬೋಲ್ಟಿನ ಬುಡದಿಂದ ಜಿನುಗುತ್ತಾ ವಾಪಸು ಬರುತ್ತದೆ.

ಬಿಚ್ಚುವ ಮೊದಲು

ಮೇಲಿಂದ ಇಳಿದದ್ದೆಲ್ಲ ಟ್ಯಾಪೆಟ್ ಕವರಿನದೇ ಆಗಿರಬೇಕಿಲ್ಲ. ಆಯಿಲ್ ತುಂಬುವ ಕ್ಯಾಪಿನ ವಾಷರ್ ಸವೆದಿರಬಹುದು, ಕ್ಯಾಮ್ ಸೆನ್ಸರಿನ ಓ-ರಿಂಗ್ ಹೋಗಿರಬಹುದು, ಹಳೆಯ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರಿನ ಬುಡ ಜಿನುಗುತ್ತಿರಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಜಿಡ್ಡನ್ನೆಲ್ಲ ಒರೆಸಿ ಶುಚಿಮಾಡಿ, ಎರಡು ದಿನ ಗಾಡಿ ಓಡಿಸಿ, ಟಾರ್ಚ್ ಹಿಡಿದು ನೋಡಬೇಕು. ಆಯಿಲ್ ಕೆಳಕ್ಕೆ ಹರಿಯುವುದರಿಂದ ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದು ಯಾವುದೋ ಅದೇ ಮೂಲ. ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದನ್ನೂ ನೆನಪಿಡಿ.

ಹೆಚ್ಚಿನವರು ನೋಡದೆ ಬಿಡುವ ಜಾಗ ಬ್ರೀದರ್. ಪಿಸ್ಟನ್ ರಿಂಗುಗಳ ಪಕ್ಕದಿಂದ ಅಷ್ಟಿಷ್ಟು ಉರಿದ ಗ್ಯಾಸು ಕೆಳಗಿನ ಕ್ರ್ಯಾಂಕ್ ಕೇಸಿಗೆ ನುಸುಳುವುದು ಸಹಜ. ಅದು ಹೊರಹೋಗಲೆಂದೇ ಟ್ಯಾಪೆಟ್ ಕವರಿನಿಂದ ಒಂದು ಪೈಪು ಏರ್ ಫಿಲ್ಟರಿನ ಕಡೆಗೋ ಮ್ಯಾನಿಫೋಲ್ಡಿನ ಕಡೆಗೋ ಹೋಗುತ್ತದೆ. ಬಹಳಷ್ಟು ಕಾರುಗಳಲ್ಲಿ ಅದಕ್ಕೊಂದು ಪಿಸಿವಿ ವಾಲ್ವ್ ಇರುತ್ತದೆ. ಆ ದಾರಿ ಕಟ್ಟಿಕೊಂಡರೆ ಗ್ಯಾಸು ಒಳಗೇ ಸೇರಿ, ಇದ್ದುದರಲ್ಲಿ ದುರ್ಬಲವಾದ ಸಂದಿಯಿಂದ ಆಯಿಲನ್ನು ಹೊರಗೆ ನೂಕುತ್ತದೆ. ಆ ಸಂದಿ ಹೆಚ್ಚಾಗಿ ಟ್ಯಾಪೆಟ್ ಕವರಿನದೇ. ಇಂಥ ಎಂಜಿನ್ನಿಗೆ ಎಷ್ಟು ಸಲ ಪ್ಯಾಕಿಂಗ್ ಬದಲಿಸಿದರೂ ಲೀಕು ನಿಲ್ಲದು. ಪರೀಕ್ಷೆ ಸುಲಭ: ಎಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ಕ್ಯಾಪ್ ತೆಗೆದು, ಬಾಯಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯೊಂದನ್ನು ಇಡಿ. ಪಿಸಿವಿ ಸರಿಯಿರುವ ಪೆಟ್ರೋಲ್ ಎಂಜಿನ್ನಿನಲ್ಲಿ ಹಾಳೆ ಒಳಕ್ಕೆ ಮೆಲ್ಲಗೆ ಸೆಳೆದುಕೊಳ್ಳುತ್ತದೆ. ಬಲೂನಿನಂತೆ ಉಬ್ಬಿ ಹಾರಿದರೆ ಮೊದಲು ಬ್ರೀದರ್ ಪೈಪು, ಪಿಸಿವಿ ವಾಲ್ವ್ ನೋಡಿಸಿ. ಅವು ಸರಿಯಿದ್ದೂ ಉಬ್ಬುತ್ತಿದ್ದರೆ ರಿಂಗುಗಳು ಸವೆದಿವೆ, ಅದು ಬೇರೆಯೇ ದೊಡ್ಡ ಕೆಲಸ.

ಸ್ಪಾರ್ಕ್ ಪ್ಲಗ್ಗುಗಳು ಟ್ಯಾಪೆಟ್ ಕವರಿನ ನಡುವೆ ಆಳದ ಬಾವಿಗಳಲ್ಲಿ ಕೂತಿರುವ ಎಂಜಿನ್ನುಗಳಲ್ಲಿ ಲೀಕು ಹೊರಗೆ ಕಾಣದೆಯೂ ಇರಬಹುದು. ಬಾವಿಯ ಸುತ್ತಲಿನ ಸೀಲು ಹೋದರೆ ಆಯಿಲ್ ಒಳಗೆ ತುಂಬಿ, ಪ್ಲಗ್ಗಿನ ರಬ್ಬರ್ ಟೋಪಿ ಊದಿಕೊಂಡು, ಎಂಜಿನ್ ಮಿಸ್ ಹೊಡೆಯತೊಡಗುತ್ತದೆ. ಪ್ಲಗ್ಗಿನ ಮೇಲಿನ ಇಗ್ನಿಷನ್ ಕಾಯಿಲ್ ಎತ್ತಿದಾಗ ಅದರ ತುದಿ ಆಯಿಲಿನಲ್ಲಿ ಅದ್ದಿ ತೆಗೆದಂತಿದ್ದರೆ ಪ್ಯಾಕಿಂಗಿನ ಜೊತೆ ಆ ಸೀಲುಗಳನ್ನೂ ತರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಮಾರುಕಟ್ಟೆಯಲ್ಲಿ ಕೇಳುವಾಗ "ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೆಟ್, ಪ್ಲಗ್ ಸೀಲ್ ಸಮೇತ" ಎಂದು ಕೇಳಿ, ಎಂಜಿನ್ನಿನ ಮಾದರಿ ಮತ್ತು ವರ್ಷ ಹೇಳಿ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಎಂಜಿನ್ನುಗಳು ಬಂದಿರುತ್ತವೆ.

ಬಿಚ್ಚುವುದೂ ಬಿಗಿಯುವುದೂ ಎಂಜಿನ್ ತಣ್ಣಗಿರುವಾಗಲೇ. ಉಕ್ಕಿಗಿಂತ ಅಲ್ಯೂಮಿನಿಯಂ ಬಿಸಿಗೆ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಿಸಿ ಹೆಡ್ಡಿನಲ್ಲಿ ಮಾಡಿದ ಬಿಗಿ, ತಣಿದ ಮೇಲೆ ಅದೇ ಬಿಗಿಯಾಗಿ ಉಳಿಯುವುದಿಲ್ಲ. ಮೊದಲು ಮುಚ್ಚಳದ ಸುತ್ತಲಿನ ಮಣ್ಣು, ಮರಳು ಎಲ್ಲ ತೆಗೆಯಬೇಕು, ಇಲ್ಲವಾದರೆ ಅದು ಕ್ಯಾಮಿನ ಮೇಲೇ ಬೀಳುತ್ತದೆ. ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ. ಒಂದು ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ತೂತು ಚುಚ್ಚಿ, ಯಾವ ಬೋಲ್ಟು ಎಲ್ಲಿಯದೋ ಅಲ್ಲೇ ಸಿಕ್ಕಿಸಿಡುವುದು ಒಳ್ಳೆಯ ಅಭ್ಯಾಸ. ಎಷ್ಟೋ ಎಂಜಿನ್ನುಗಳಲ್ಲಿ ಒಂದೆರಡು ಬೋಲ್ಟು ಉಳಿದವಕ್ಕಿಂತ ಉದ್ದ. ಉದ್ದನೆಯದನ್ನು ಗಿಡ್ಡ ತೂತಿಗೆ ಹಾಕಿದರೆ ತಳಕ್ಕೆ ತಾಗಿ ಬಿಗಿಯಾದಂತೆ ತೋರುತ್ತದೆ, ಮುಚ್ಚಳ ಮಾತ್ರ ಸಡಿಲವೇ.

ಮುಚ್ಚಳ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಗೀರು ಆಯಿಲಿಗೆ ಶಾಶ್ವತ ದಾರಿ. ರಬ್ಬರ್ ಸುತ್ತಿಗೆಯಿಂದಲೋ ಮರದ ತುಂಡಿಟ್ಟೋ ಪಕ್ಕದಿಂದ ತಟ್ಟಿದರೆ ಬಿಡುತ್ತದೆ. ಹೆಡ್ಡಿನ ಅಂಚಿನಲ್ಲಿ ಉಳಿದ ಹಳೇ ಪೇಸ್ಟನ್ನು ಪ್ಲಾಸ್ಟಿಕ್ ಅಥವಾ ಮರದ ಚೂಪು ಪಟ್ಟಿಯಿಂದ ಕೆರೆಯಿರಿ, ತೆರೆದ ಭಾಗವನ್ನು ನೂಲು ಬಿಡದ ಬಟ್ಟೆಯಿಂದ ಮುಚ್ಚಿಟ್ಟುಕೊಳ್ಳಿ. ಎಮೆರಿ ಪೇಪರ್ ಬೇಡವೇ ಬೇಡ. ಅದರ ಪುಡಿ ಆಯಿಲಿನ ಜೊತೆ ಸುತ್ತಿ ಬೇರಿಂಗುಗಳನ್ನು ತಿನ್ನುತ್ತದೆ. ಕೊನೆಗೆ ಎರಡೂ ಮೈಗಳು ಥಿನ್ನರ್ ಅದ್ದಿ ಒರೆಸಿದ ಬಟ್ಟೆಗೆ ಕಪ್ಪು ಹತ್ತದಷ್ಟು ಶುಚಿಯಾಗಬೇಕು. ಪ್ಲಾಸ್ಟಿಕ್ ಮುಚ್ಚಳಕ್ಕೆ ಥಿನ್ನರ್ ಬದಲು ಸೋಪುನೀರು ಬಳಸಿ, ಪೂರ್ತಿ ಒಣಗಿಸಿ.

ಪೇಸ್ಟಿನ ಮಾತು ಬಂದಿದ್ದರಿಂದ ಹೇಳಲೇಬೇಕು. ನಮ್ಮ ಗ್ಯಾರೇಜುಗಳಲ್ಲಿ ಅನಾಬಾಂಡ್ ಎಂದೇ ಹೆಸರಾದ ಸಿಲಿಕಾನ್ ಪೇಸ್ಟನ್ನು ಪ್ಯಾಕಿಂಗಿನ ಉದ್ದಕ್ಕೂ ಬಳಿಯುವ ರೂಢಿ ಇದೆ. ರಬ್ಬರ್ ಪ್ಯಾಕಿಂಗಿಗೆ ಇದು ತಪ್ಪು. ಪೇಸ್ಟು ಒಣಗುವ ಮೊದಲು ಜಾರು, ಬೋಲ್ಟು ಬಿಗಿದಂತೆ ಪ್ಯಾಕಿಂಗ್ ಕಾಲುವೆಯಿಂದ ಜಾರಿ ಹೊರಬರುತ್ತದೆ. ಒಳಗಡೆಗೆ ಹಿಂಡಿಕೊಂಡ ಪೇಸ್ಟಿನ ಎಳೆಗಳು ಕಳಚಿ ಸಂಪಿಗೆ ಬಿದ್ದು, ಆಯಿಲ್ ಪಂಪಿನ ಜರಡಿಗೆ ಸಿಕ್ಕಿಕೊಂಡರೆ ಎಂಜಿನ್ನಿಗೆ ಆಯಿಲೇ ಏರುವುದಿಲ್ಲ. ಸಾವಿರ ರೂಪಾಯಿಯೊಳಗಿನ ಪ್ಯಾಕಿಂಗ್ ಉಳಿಸಲು ಹೋಗಿ ಇಡೀ ಎಂಜಿನ್ನನ್ನೇ ಪಣಕ್ಕಿಟ್ಟಂತೆ. ಪೇಸ್ಟು ಬೇಕಾದ ಜಾಗಗಳೂ ಇವೆ: ಟೈಮಿಂಗ್ ಕವರ್ ಹೆಡ್ಡಿಗೆ ಸೇರುವ ಸಂದು, ಕ್ಯಾಮಿನ ತುದಿಯಲ್ಲಿ ಅರ್ಧಚಂದ್ರದಂತೆ ತಿರುಗುವ ಅಂಚಿನ ಮೂಲೆಗಳು. ಅಲ್ಲಿ ಕಡಲೆಕಾಳಿನಷ್ಟು ಇಟ್ಟು, ಐದು ನಿಮಿಷದೊಳಗೆ ಮುಚ್ಚಳ ಕೂರಿಸಿ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟ ಮೇಲೇ ಎಂಜಿನ್ ಸ್ಟಾರ್ಟ್ ಮಾಡಬೇಕು.

ಬಿಗಿಯುವ ಕ್ರಮ

ಎಲ್ಲ ಬೋಲ್ಟುಗಳನ್ನೂ ಮೊದಲು ಬರಿ ಬೆರಳಿನಿಂದ ತಿರುಗಿಸಿ ಕೂರಿಸಿ. ಸ್ಪ್ಯಾನರ್ ಆಮೇಲೆ. ಬೆರಳಿಗೆ ಎರಡು ಮೂರು ಸುತ್ತು ಸಲೀಸಾಗಿ ಇಳಿಯದ ಬೋಲ್ಟು ಅಡ್ಡ ಹತ್ತಿದೆ ಎಂದರ್ಥ. ತೆಗೆದು, ಹಿಂದಕ್ಕೊಮ್ಮೆ ತಿರುಗಿಸಿ, ಥ್ರೆಡ್ ಕೂಡಿದ ಸಣ್ಣ ಟಕ್ ಬೆರಳಿಗೆ ಗೊತ್ತಾದ ಮೇಲೆ ಮುಂದಕ್ಕೆ ತಿರುಗಿಸಿ. ಎಲ್ಲವೂ ಬೆರಳಿನ ಬಿಗಿಗೆ ಬಂದ ಮೇಲೆ ಮುಚ್ಚಳದ ಸುತ್ತ ಕಣ್ಣಾಡಿಸಿ, ಪ್ಯಾಕಿಂಗ್ ಎಲ್ಲಾದರೂ ಹೊರಗೆ ಇಣುಕಿದೆಯೋ, ವೈರೇನಾದರೂ ಸಿಕ್ಕಿದೆಯೋ ನೋಡಿ.

ಈಗ ನಡುವಿನ ಬೋಲ್ಟಿನಿಂದ ಶುರು. ನಡುವಿನದು, ಅದರ ಎದುರಿನದು, ಆಮೇಲೆ ಎಡಕ್ಕೊಂದು, ಬಲಕ್ಕೊಂದು, ಹೀಗೆ ಅಡ್ಡಡ್ಡವಾಗಿ ತುದಿಗಳ ಕಡೆಗೆ. ಹಪ್ಪಳ ಲಟ್ಟಿಸುವವರು ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗುವ ಹಾಗೆ, ರಬ್ಬರಿನ ಸುಕ್ಕು ತುದಿಗಳತ್ತ ಸರಿದು ಹೊರಹೋಗಬೇಕು. ಎರಡು ತುದಿ ಮೊದಲು ಬಿಗಿದುಬಿಟ್ಟರೆ ಸುಕ್ಕು ನಡುವೆ ಸಿಕ್ಕಿ, ಅಲ್ಲೇ ಲೀಕು. ಮ್ಯಾನ್ಯುಯಲ್ಲಿನಲ್ಲಿ 1, 2, 3 ಎಂದು ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಿ, ಏಕೆಂದರೆ ಕೆಲವು ಮುಚ್ಚಳಗಳ ಆಕಾರಕ್ಕೆ ಕ್ರಮವೇ ಬೇರೆ ಇರುತ್ತದೆ. ಮೊದಲ ಸುತ್ತಿನಲ್ಲಿ ಬೋಲ್ಟಿನ ತಲೆ ಮುಚ್ಚಳಕ್ಕೆ ತಾಗುವಷ್ಟು, ಎರಡನೆಯದರಲ್ಲಿ ಅರ್ಧ ಟಾರ್ಕ್, ಮೂರನೆಯದರಲ್ಲಿ ಪೂರ್ತಿ. ನಾಲ್ಕನೆಯ ಸುತ್ತು ಬರೀ ಪರೀಕ್ಷೆಗೆ. ಪಕ್ಕದ ಬೋಲ್ಟು ಇಳಿದಾಗ ಮೊದಲು ಬಿಗಿದದ್ದು ತುಸು ಸಡಿಲಾಗಿರುತ್ತದೆ, ಅದು ಈ ಸುತ್ತಿನಲ್ಲಿ ಸಿಗುತ್ತದೆ.

ಟಾರ್ಕ್ ರೆಂಚ್ ಇರಬೇಕು, ಆದರೆ ಸರಿಯಾದದ್ದು ಇರಬೇಕು. ಚಕ್ರಕ್ಕೆಂದು ಕೊಂಡ ಅರ್ಧ ಇಂಚಿನ ದೊಡ್ಡ ರೆಂಚ್ 40ರಿಂದ 200 ನ್ಯೂಟನ್ ಮೀಟರಿನದು. ಅದಕ್ಕೆ 10 ಅಳೆಯಲು ಬರುವುದೇ ಇಲ್ಲ. ಕ್ಲಿಕ್ ಬರಲೆಂದು ಕಾಯುತ್ತಾ ಹೋದವರಿಗೆ ಬೋಲ್ಟು ಮುರಿದ ಸದ್ದೇ ಕೇಳಿಸುವುದು. ಕಾಲು ಇಂಚಿನ, 5ರಿಂದ 25ರ ಸಣ್ಣ ರೆಂಚ್ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಹಿಡಿಯ ನಡುವೆ ಹಿಡಿದು ನಿಧಾನಕ್ಕೆ ಎಳೆಯಿರಿ, ಮೊದಲ ಕ್ಲಿಕ್ಕಿಗೇ ನಿಲ್ಲಿಸಿ. "ಖಾತ್ರಿಗೆ" ಇನ್ನೊಂದು ಕ್ಲಿಕ್ ಮಾಡಿದರೆ ಬಿಗಿ ಅಷ್ಟು ಹೆಚ್ಚಾಯಿತು ಎಂದೇ ಲೆಕ್ಕ.

ರೆಂಚ್ ಇಲ್ಲದ ಕಡೆ ಒಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. 10 ನ್ಯೂಟನ್ ಮೀಟರ್ ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಹತ್ತಿರ ಹತ್ತಿರ ಒಂದು ಕಿಲೋ ಎಳೆತ. 20 ಸೆಂ.ಮೀ. ಹಿಡಿಯಾದರೆ 5 ಕಿಲೋ, 15 ಸೆಂ.ಮೀ. ಸ್ಪ್ಯಾನರಾದರೆ ಸುಮಾರು 6.8 ಕಿಲೋ. ವಿಮಾನ ಪ್ರಯಾಣಕ್ಕೆಂದು ಮನೆಯಲ್ಲಿ ಇಟ್ಟುಕೊಂಡಿರುವ ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಸ್ಪ್ಯಾನರಿನ ತುದಿಗೆ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಎಳೆದರೆ ಸಾಕು. ಬೋಲ್ಟಿನ ನಡುವಿನಿಂದ ಕೊಕ್ಕೆಯವರೆಗಿನ ಅಂತರವನ್ನು ಸ್ಕೇಲಿನಲ್ಲಿ ಸರಿಯಾಗಿ ಅಳೆದಿರಬೇಕು. ರೆಂಚಿನಷ್ಟು ನಿಖರವಲ್ಲ, ಅಂದಾಜಿನ ಕೈಗಿಂತ ಎಷ್ಟೋ ವಾಸಿ. ಅಂದಾಜಿನ ಕೈ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ: ಅದೇ 15 ಸೆಂ.ಮೀ. ಸ್ಪ್ಯಾನರನ್ನು ಯಾರಾದರೂ 20 ಕಿಲೋ ಬಲದಲ್ಲಿ ಎಳೆದರೆ, ದುಡಿದು ಗಟ್ಟಿಯಾದ ತೋಳಿಗೆ ಅದು ಏನೂ ಅಲ್ಲ, ಬೋಲ್ಟಿಗೆ ಬೀಳುವುದು 30 ನ್ಯೂಟನ್ ಮೀಟರ್. ಹೇಳಿದ್ದರ ಮೂರು ಪಟ್ಟು. ಎಂ6 ಬೋಲ್ಟು ಅದನ್ನು ತಾಳದು.

ಅಷ್ಟರಲ್ಲಿ ಬೋಲ್ಟು ಇದ್ದಕ್ಕಿದ್ದಂತೆ ಹಗುರಾಗಿ ಸುತ್ತತೊಡಗಿದರೆ ಹೆಡ್ಡಿನ ಥ್ರೆಡ್ ಹೋಯಿತೆಂದೇ ತಿಳಿಯಿರಿ. ದಪ್ಪ ಬೋಲ್ಟು ತುರುಕುವುದು, ದಾರ ಸುತ್ತಿ ಹಾಕುವುದು, ಪೇಸ್ಟು ತುಂಬುವುದು ಯಾವುದೂ ಪರಿಹಾರವಲ್ಲ. ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಕೂರಿಸಿ ಅದೇ ಅಳತೆಯ ಹೊಸ ಥ್ರೆಡ್ ಮಾಡುವ ಲೇತ್ ಕೆಲಸದವರು ಎಲ್ಲ ಊರಲ್ಲೂ ಇದ್ದಾರೆ. ಸರಿಯಾಗಿ ಕೂರಿಸಿದ ಹೆಲಿಕಾಯಿಲ್ ಮೂಲ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ತೂತು ಕೊರೆಯುವಾಗ ಚೂರು ಹೆಡ್ಡಿನೊಳಗೆ ಬೀಳದಂತೆ ಡ್ರಿಲ್ ಬಿಟ್ಟಿಗೆ ಗ್ರೀಸ್ ಹಚ್ಚಿಸಿ, ಸುತ್ತ ಬಟ್ಟೆ ತುಂಬಿಸಿ. ಪ್ಲಾಸ್ಟಿಕ್ ಮುಚ್ಚಳ ಬೋಲ್ಟಿನ ತೂತಿನ ಹತ್ತಿರ ಸೀಳಿದ್ದರೆ ಮಾತ್ರ ಅಂಟು ಹಾಕಿ ನೋಡಬೇಡಿ, ಹೊಸದೇ ತನ್ನಿ.

ಬೈಕುಗಳಿಗೂ ಇದೇ ನ್ಯಾಯ. ಸ್ಪ್ಲೆಂಡರಿನಂಥ ಗಾಡಿಯಲ್ಲಿ ಟ್ಯಾಪೆಟ್ ನೋಡಲು ಇರುವ ಗುಂಡನೆಯ ಎರಡು ಕ್ಯಾಪುಗಳ ಕೆಳಗೆ ಓ-ರಿಂಗ್ ಇರುತ್ತದೆ. ಜಿನುಗಿದರೆ ಓ-ರಿಂಗ್ ಬದಲಿಸಿ, ಆಯಿಲ್ ಸವರಿ ಕೂರಿಸಬೇಕು. ಕ್ಯಾಪನ್ನು ಉದ್ದ ಹಿಡಿ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚುವಾಗ ಅದರ ಮೂಲೆಗಳೇ ಉರುಟಾಗುತ್ತವೆ.

ಕೆಲಸ ಮುಗಿದ ಮೇಲೆ ಎಂಜಿನ್ನನ್ನು ಹದಿನೈದು ನಿಮಿಷ ಓಡಿಸಿ, ಟಾರ್ಚ್ ಹಿಡಿದು ಅಂಚಿನುದ್ದಕ್ಕೂ, ಮುಖ್ಯವಾಗಿ ಕಣ್ಣಿಗೆ ಬೀಳದ ಹಿಂಬದಿಯಲ್ಲಿ, ಒಣಬಟ್ಟೆ ಆಡಿಸಿ ನೋಡಿ. ನೂರಿನ್ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ನೋಡಿ. ಕಾರ್ಕ್ ಪ್ಯಾಕಿಂಗ್ ಬಿಸಿಗೆ ಕುಗ್ಗುವ ಗುಣದ್ದು, ಅದಕ್ಕೆ ಆಗ ತಣ್ಣಗಿನ ಎಂಜಿನ್ನಿನಲ್ಲಿ ಅದೇ ಟಾರ್ಕಿಗೆ ಒಂದು ಸುತ್ತು ಮರುಬಿಗಿ ಕೊಡಬೇಕು. ಭುಜದ ಬೋಲ್ಟಿನ ರಬ್ಬರಿಗೆ ಅದರ ಅಗತ್ಯವಿಲ್ಲ.

ಗ್ಯಾರೇಜಿಗೆ ಬಿಡುವವರಲ್ಲಿ ಒಂದು ವಿನಂತಿ. "ಟೈಟ್ ಮಾಡಿ" ಎನ್ನಬೇಡಿ. "ಪ್ಯಾಕಿಂಗ್, ಬೋಲ್ಟಿನ ವಾಷರ್, ಪ್ಲಗ್ ಸೀಲ್ ಬದಲಿಸಿ, ಬ್ರೀದರ್ ನೋಡಿ, ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ" ಎನ್ನಿ, ತೆಗೆದ ಹಳೇ ಪ್ಯಾಕಿಂಗನ್ನು ಕೇಳಿ ಪಡೆದು ಬಾಗಿಸಿ ನೋಡಿ. ಕೆಲಸ ಆಗುವವರೆಗೆ ವಾರಕ್ಕೊಮ್ಮೆ ಡಿಪ್ ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡುತ್ತಿರಿ. ಇಳಿಯುವ ಆಯಿಲ್ ಸೈಲೆನ್ಸರ್ ಕಡೆಯ ಬಿಸಿ ಮ್ಯಾನಿಫೋಲ್ಡಿನ ಮೇಲೆ ಬಿದ್ದು ಹೊಗೆಯಾಡುತ್ತಿದ್ದರೆ ಕೆಲಸವನ್ನು ಮುಂದಿನ ಸರ್ವಿಸಿಗೆ ಎಂದು ಮುಂದೂಡಬೇಡಿ, ಬೆಂಕಿ ಹತ್ತಿಕೊಳ್ಳಲು ಅಷ್ಟು ಸಾಕು.